ನೆರೆಯವರು ಒಪ್ಪಿಸಿದ ಅಮಾನತ್ತು: ಧಾರವಾಡ ದಕ್ಷಿಣ ಲೋಕಸಭಾ ಕ್ಷೇತ್ರದ ಚರಿತ್ರೆ

ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು. ಈ ನಾಲ್ಕು ಊರುಗಳ ಹಿರಿಯರನ್ನು ಕೂರಿಸಿಕೊಂಡು ಹಳೆಯ ಚುನಾವಣೆಗಳ ಮಾತು ತೆಗೆದರೆ ಅವರ ಬಾಯಿಂದ ಮೊದಲು ಹೊರಡುವ ಹೆಸರು ಹಾವೇರಿ ಕ್ಷೇತ್ರದ್ದಲ್ಲ, ಧಾರವಾಡ ದಕ್ಷಿಣದ್ದು. ಇಂದಿನ ಯುವಕರಿಗೆ ಆ ಹೆಸರು ಅಪರಿಚಿತ. 2008ರಲ್ಲಿ ಲೋಕಸಭಾ ಕ್ಷೇತ್ರಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ಆ ಕ್ಷೇತ್ರವು ಭೂಪಟದಿಂದ ಮರೆಯಾಯಿತು. ಹೆಸರಿನ ಜೊತೆಗೆ ಒಂದು ಚರಿತ್ರೆಯೂ ನಮ್ಮ ನೆನಪಿನಿಂದ ಜಾರತೊಡಗಿದೆ.

ಆ ಚರಿತ್ರೆಯನ್ನು ಒಂದೇ ವಾಕ್ಯದಲ್ಲಿ ಹೇಳುವುದಾದರೆ ಹೀಗೆ: 1962ರಿಂದ 2004ರ ವರೆಗೆ ಧಾರವಾಡ ದಕ್ಷಿಣದಲ್ಲಿ ನಡೆದ ಹನ್ನೆರಡು ಸಾರ್ವತ್ರಿಕ ಚುನಾವಣೆಗಳ ಪೈಕಿ ಹತ್ತರಲ್ಲಿ ಮುಸ್ಲಿಮ್ ಅಭ್ಯರ್ಥಿಗಳೇ ಗೆದ್ದರು. ಅವುಗಳಲ್ಲಿ ಮೊದಲ ಒಂಬತ್ತು ಗೆಲುವುಗಳು ಒಂದರ ಹಿಂದೊಂದರಂತೆ, ನಡುವೆ ಒಮ್ಮೆಯೂ ಕಡಿಯದೆ ಬಂದವು. ಇದು ಮುಸ್ಲಿಮರು ಬಹುಸಂಖ್ಯಾತರಾಗಿದ್ದ ಕ್ಷೇತ್ರವೇನಲ್ಲ. ಈ ಸೀಮೆಯಲ್ಲಿ ಮುಸ್ಲಿಮರ ಪ್ರಮಾಣವು ಐದರಲ್ಲೊಂದು ಪಾಲಿಗಿಂತ ಕಡಿಮೆ. ಹಾಗಾದರೆ ಈ ಹತ್ತು ಗೆಲುವುಗಳನ್ನು ಕೊಟ್ಟವರು ಯಾರು? 2004ರ ನಂತರ ಅದು ನಿಂತುಹೋದದ್ದೇಕೆ? ನಮ್ಮ ಮನೆಗಳಲ್ಲಿ ಇಂದು ಆಗಾಗ ಕೇಳಿಬರುವ "ಇನ್ನು ನಮ್ಮವರು ಗೆಲ್ಲುವುದುಂಟೇ" ಎಂಬ ನಿರಾಶೆಯ ಮಾತಿಗೆ ಈ ಕ್ಷೇತ್ರದ ಚರಿತ್ರೆಯೇ ಏನು ಉತ್ತರ ಕೊಡುತ್ತದೆ? ಈ ಲೇಖನದ ಉದ್ದೇಶ ಅದನ್ನು ಪರಿಶೀಲಿಸುವುದಾಗಿದೆ.

ನೆಲದ ಗುಣ

ಯಾವುದೇ ಕ್ಷೇತ್ರದ ಚುನಾವಣಾ ಚರಿತ್ರೆಯನ್ನು ಅರಿಯಲು ಮೊದಲು ಅದರ ನೆಲವನ್ನು ಅರಿಯಬೇಕು. ಸವಣೂರು ನವಾಬರ ಸಂಸ್ಥಾನದ ರಾಜಧಾನಿಯಾಗಿತ್ತು. ಹದಿನೇಳನೆಯ ಶತಮಾನದಲ್ಲಿ ನೆಲೆಗೊಂಡ ಆ ಪಠಾಣ ಮನೆತನವು ಮರಾಠರ, ನಿಜಾಮರ, ಹೈದರಾಲಿ ಮತ್ತು ಟಿಪ್ಪುವಿನ ನಡುವೆ ಸಿಲುಕಿ, ಕಾಲಕಾಲಕ್ಕೆ ಕುಗ್ಗುತ್ತಾ, ಕೊನೆಗೆ ಬ್ರಿಟಿಷರ ಅಧೀನದಲ್ಲೊಂದು ಪುಟ್ಟ ಸಂಸ್ಥಾನವಾಗಿ ಉಳಿಯಿತು. 1948ರಲ್ಲಿ ಅದು ಭಾರತದ ಒಕ್ಕೂಟದಲ್ಲಿ ವಿಲೀನಗೊಂಡು ಆಗಿನ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತು. ಅದೇ ಸವಣೂರಿನಲ್ಲಿ 1909ರಲ್ಲಿ ಜನಿಸಿದವರು ವಿನಾಯಕ ಕೃಷ್ಣ ಗೋಕಾಕರು.

ಶಿಗ್ಗಾವಿ ತಾಲೂಕಿನ ಬಾಡ ಗ್ರಾಮವು ಕನಕದಾಸರ ಜನ್ಮಸ್ಥಳ. ಅದೇ ತಾಲೂಕಿನ ಶಿಶುವಿನಹಾಳವು ಸಂತ ಶರೀಫರ ಊರು. ಇಮಾಮ್ ಸಾಹೇಬರ ಮಗನಾಗಿ ಹುಟ್ಟಿ, ಕಳಸದ ಗೋವಿಂದಭಟ್ಟರ ಶಿಷ್ಯನಾದ ಶರೀಫರ ಪದಗಳು ಈ ಸೀಮೆಯ ಹೊಲಗದ್ದೆಗಳಲ್ಲಿ ಇಂದಿಗೂ ಉಳಿದುಕೊಂಡಿವೆ. ಹಿರೇಕೆರೂರು ಸೀಮೆಯ ಅಬಲೂರನ್ನು ಜನರು ಸರ್ವಜ್ಞನ ಹೆಸರಿನೊಂದಿಗೆ ಜೋಡಿಸುತ್ತಾರೆ. ಹಾನಗಲ್ಲು ಕುಮಾರ ಶಿವಯೋಗಿಗಳ ಕರ್ಮಭೂಮಿ.

ಇವುಗಳನ್ನು ಇಲ್ಲಿ ನೆನಪಿಸಿಕೊಂಡದ್ದು ಭಾವುಕತೆಯಿಂದಲ್ಲ. ಮಠವೂ ದರ್ಗಾವೂ ಒಂದೇ ಊರಿನಲ್ಲಿ ಇದ್ದ ಮಾತ್ರಕ್ಕೆ ಮತಗಳು ತಾವಾಗಿ ಬಂದು ಬೀಳುವುದಿಲ್ಲ. ಆದರೆ ಬೇರೆ ಧರ್ಮದವನೊಬ್ಬ ತನ್ನ ಪ್ರತಿನಿಧಿಯಾಗುವುದು ಈ ಸೀಮೆಯ ರೈತನಿಗೆ ವಿಚಿತ್ರವಾಗಿ ಕಾಣಲಿಲ್ಲ ಎಂಬುದಕ್ಕೆ ಈ ಹಿನ್ನೆಲೆಯೂ ಒಂದು ಕಾರಣವಾಗಿದೆ. ಸಂತೆಯಲ್ಲಿ, ಹೊಲದಲ್ಲಿ, ಮೊಹರಮ್ಮಿನ ಅಲಾವಿಯ ಸುತ್ತ ತಲೆಮಾರುಗಳಿಂದ ಒಟ್ಟಿಗೆ ನಿಂತವರಿಗೆ ಮತಗಟ್ಟೆಯ ಸಾಲಿನಲ್ಲಿ ಮಾತ್ರ ಬೇರೆ ಬೇರೆಯಾಗಿ ಯೋಚಿಸುವ ಅಗತ್ಯ ಆಗ ಬಿದ್ದಿರಲಿಲ್ಲ.

ಮೊಹಸಿನ್ ಅವರ ಕಾಲ

1952ರ ಮೊದಲ ಮಹಾಚುನಾವಣೆಯಲ್ಲಿ ಧಾರವಾಡ ಜಿಲ್ಲೆಯು ಮುಂಬಯಿ ರಾಜ್ಯದಲ್ಲಿತ್ತು. 1956ರ ಏಕೀಕರಣದ ನಂತರ ಮೈಸೂರು ರಾಜ್ಯಕ್ಕೆ ಸೇರಿತು. 1952ರಲ್ಲಿಯೂ 1957ರಲ್ಲಿಯೂ ಧಾರವಾಡ ದಕ್ಷಿಣದಿಂದ ಆಯ್ಕೆಯಾದವರು ಕಾಂಗ್ರೆಸ್ಸಿನ ಟಿ. ಆರ್. ನೇಸ್ವಿ. 1962ರಲ್ಲಿ ಕಾಂಗ್ರೆಸ್ ಎಫ್. ಎಚ್. ಮೊಹಸಿನ್ ಅವರನ್ನು ಕಣಕ್ಕಿಳಿಸಿತು. ಅವರು ಗೆದ್ದರು. 1967, 1971, 1977 ಮತ್ತು 1980ರಲ್ಲಿಯೂ ಅವರೇ ಗೆದ್ದರು. ಹೀಗೆ ಐದು ಬಾರಿ, ಇಪ್ಪತ್ತೆರಡು ವರ್ಷಗಳ ಕಾಲ ಈ ಕ್ಷೇತ್ರವು ಒಬ್ಬರನ್ನೇ ದಿಲ್ಲಿಗೆ ಕಳುಹಿಸಿತು.

ಪಕ್ಕದ ಧಾರವಾಡ ಉತ್ತರ ಕ್ಷೇತ್ರವನ್ನೂ ಇದರೊಂದಿಗೆ ಇಟ್ಟು ನೋಡಬೇಕು. ಅದೇ 1962ರಲ್ಲಿ ಅಲ್ಲಿಂದ ಗೆದ್ದವರು ಸರೋಜಿನಿ ಮಹಿಷಿ. ಅವರೂ 1967, 1971, 1977ರಲ್ಲಿ ಮರಳಿ ಆಯ್ಕೆಯಾದರು. ಅಂದರೆ ಒಂದೇ ಜಿಲ್ಲೆಯು ಸತತವಾಗಿ ನಾಲ್ಕು ಚುನಾವಣೆಗಳಲ್ಲಿ ಉತ್ತರದಿಂದ ಓರ್ವ ಮಹಿಳೆಯನ್ನು, ದಕ್ಷಿಣದಿಂದ ಓರ್ವ ಮುಸ್ಲಿಮನನ್ನು ಲೋಕಸಭೆಗೆ ಆರಿಸಿತು. ಇಂದು "ಗೆಲ್ಲುವ ಸಾಮರ್ಥ್ಯ"ದ ಹೆಸರಿನಲ್ಲಿ ಈ ಇಬ್ಬರಿಗೂ ಟಿಕೆಟ್ ನಿರಾಕರಿಸುವ ಪಕ್ಷಗಳು ಅರವತ್ತು ವರ್ಷಗಳ ಹಿಂದಿನ ಈ ಜಿಲ್ಲೆಯನ್ನು ಒಮ್ಮೆ ನೆನೆಯುವುದು ಒಳಿತು.

ಆದರೆ ಚರಿತ್ರೆಯನ್ನು ಬರೆಯುವಾಗ ಅಭಿಮಾನವು ಕಣ್ಣಿಗೆ ಪರದೆಯಾಗಬಾರದು. ಮೊಹಸಿನ್ ಅವರ ಗೆಲುವುಗಳು ಕಾಂಗ್ರೆಸ್ಸಿನ ಗೆಲುವುಗಳೂ ಆಗಿದ್ದವು. 1962ರಲ್ಲಿ ಮೈಸೂರು ರಾಜ್ಯದ ಬಹುತೇಕ ಎಲ್ಲಾ ಸ್ಥಾನಗಳನ್ನು ಕಾಂಗ್ರೆಸ್ ಗೆದ್ದಿತ್ತು. ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು 1967ರಲ್ಲಿ ವಿಧಾನಸಭೆಗೆ ಆಯ್ಕೆಯಾದದ್ದು ಇದೇ ಶಿಗ್ಗಾವಿಯಿಂದ. 1969ರಲ್ಲಿ ಕಾಂಗ್ರೆಸ್ ಒಡೆದು, ನಿಜಲಿಂಗಪ್ಪನವರು ಒಂದು ಕಡೆಗೂ ಇಂದಿರಾ ಗಾಂಧಿಯವರು ಇನ್ನೊಂದು ಕಡೆಗೂ ನಿಂತಾಗ ಮೊಹಸಿನ್ ಅವರು ಇಂದಿರಾ ಅವರ ಕಡೆಗಿದ್ದರು. 1971ರಲ್ಲಿ ಇಂದಿರಾ ಅವರ ಪಕ್ಷವು ರಾಜ್ಯದ 27 ಸ್ಥಾನಗಳನ್ನೂ ಗೆದ್ದುಕೊಂಡಿತು. ತಮ್ಮ ತಾಲೂಕಿನಿಂದಲೇ ಆರಿಸಿ ಹೋಗಿದ್ದ ಮುಖ್ಯಮಂತ್ರಿಯ ಬಣವನ್ನು ಬಿಟ್ಟು ಶಿಗ್ಗಾವಿಯ ಸೀಮೆಯ ಜನರು ಮೊಹಸಿನ್ ಅವರನ್ನು ಉಳಿಸಿಕೊಂಡರು. ಅಭ್ಯರ್ಥಿಯ ಧರ್ಮಕ್ಕಿಂತ, ಅಷ್ಟೇಕೆ, ಅಭ್ಯರ್ಥಿಯ ಜಾತಿಗಿಂತ ದೇಶದ ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂಬುದೇ ಆ ಚುನಾವಣೆಯನ್ನು ನಿರ್ಧರಿಸಿತು. ಈ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದೇ ಮಾತು ಬೇರೊಂದು ರೂಪದಲ್ಲಿ ನಮ್ಮೆದುರು ನಿಲ್ಲಲಿದೆ.

ಇನ್ನೊಂದು ಕಠಿಣ ಸತ್ಯವೂ ಇದೆ. ಮೊಹಸಿನ್ ಅವರು ಇಂದಿರಾ ಗಾಂಧಿಯವರ ಸರಕಾರದಲ್ಲಿ ಗೃಹ ಖಾತೆಯ ಉಪಸಚಿವರಾಗಿದ್ದರು. 1975ರಲ್ಲಿ ತುರ್ತು ಪರಿಸ್ಥಿತಿಯನ್ನು ಹೇರಲಾದಾಗ ಆ ಖಾತೆಯ ಹೊಣೆಗಾರರಲ್ಲಿ ಅವರೂ ಒಬ್ಬರು. ಸಾವಿರಾರು ಜನರು ವಿಚಾರಣೆಯಿಲ್ಲದೆ ಬಂಧನಕ್ಕೊಳಗಾದರು. ಅನೇಕ ಸಂಘಟನೆಗಳು ನಿಷೇಧಕ್ಕೊಳಗಾದವು. ಜಮಾಅತೆ ಇಸ್ಲಾಮೀ ಹಿಂದ್ ಕೂಡ ಅವುಗಳಲ್ಲಿ ಒಂದಾಗಿತ್ತು. ನಿರ್ಧಾರಗಳು ಉಪಸಚಿವರ ಮಟ್ಟದಲ್ಲಿ ಆಗುತ್ತಿರಲಿಲ್ಲವೆಂಬುದು ನಿಜ. ಆದರೂ ನಮ್ಮವರೊಬ್ಬರು ಅಧಿಕಾರದ ಕುರ್ಚಿಯಲ್ಲಿ ಕುಳಿತ ಮಾತ್ರಕ್ಕೆ ನ್ಯಾಯವು ತಾನಾಗಿ ನೆಲೆಗೊಳ್ಳುವುದಿಲ್ಲ ಎಂಬ ಪಾಠವನ್ನು ಈ ಪ್ರಕರಣವು ಕಲಿಸುತ್ತದೆ. ಉತ್ತರ ಭಾರತದಲ್ಲಿ ಕಾಂಗ್ರೆಸ್ ನೆಲಕಚ್ಚಿದ 1977ರ ಚುನಾವಣೆಯಲ್ಲಿ ಕರ್ನಾಟಕವು 28ರಲ್ಲಿ 26 ಸ್ಥಾನಗಳನ್ನು ಅದಕ್ಕೇ ಕೊಟ್ಟಿತು. ಮೊಹಸಿನ್ ಅವರೂ ಸುಲಭವಾಗಿ ದಡ ಸೇರಿದವರಲ್ಲಿ ಒಬ್ಬರು.

ನಾಲ್ವರು ಸಂಸದರು, ಹತ್ತು ಗೆಲುವುಗಳು

1984ರಲ್ಲಿ ಕಾಂಗ್ರೆಸ್ ಇಲ್ಲಿಂದ ಅಜೀಜ್ ಸೇಠ್ ಅವರನ್ನು ನಿಲ್ಲಿಸಿತು. ಮೈಸೂರಿನ ನರಸಿಂಹರಾಜ ಕ್ಷೇತ್ರದ ಜನನಾಯಕರಾಗಿದ್ದ, ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಸೇಠ್ ಅವರಿಗೆ ಹಾನಗಲ್ಲು, ಹಿರೇಕೆರೂರು ಪರವೂರು. ಆದರೂ ಅವರು ಗೆದ್ದರು. 1989 ಮತ್ತು 1991ರಲ್ಲಿ ಬಿ. ಎಂ. ಮುಜಾಹಿದ್ ಅವರು ಆಯ್ಕೆಯಾದರು. 1996ರಲ್ಲಿ ಪ್ರೊ. ಐ. ಜಿ. ಸನದಿಯವರು ಗೆದ್ದರು.

ಈ 1996ರ ಗೆಲುವಿನ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕಾಗಿದೆ. ಅದಕ್ಕೂ ಹಿಂದಿನ ಗೆಲುವುಗಳನ್ನು ಕಾಂಗ್ರೆಸ್ಸಿನ ಅಲೆಯ ಲೆಕ್ಕಕ್ಕೆ ಬರೆದುಬಿಡಬಹುದು. ಆದರೆ 1996ರಲ್ಲಿ ಅಂತಹ ಅಲೆ ಇರಲಿಲ್ಲ. ಜನತಾದಳವು ರಾಜ್ಯದ 16 ಸ್ಥಾನಗಳನ್ನು ಗೆದ್ದಿತು. ಎಚ್. ಡಿ. ದೇವೇಗೌಡರು ಪ್ರಧಾನಿಯಾದರು. ಕಾಂಗ್ರೆಸ್ಸಿಗೆ ದಕ್ಕಿದ್ದು ಕೇವಲ ಐದು ಸ್ಥಾನ. ಆ ಐದರಲ್ಲಿ ಒಂದು ಧಾರವಾಡ ದಕ್ಷಿಣ.

ಅಷ್ಟೇ ಅಲ್ಲ. ಬಾಬರಿ ಮಸ್ಜಿದ್ ಧ್ವಂಸಗೊಂಡು ಆಗ ನಾಲ್ಕು ವರ್ಷ ತುಂಬಿರಲಿಲ್ಲ. ಪಕ್ಕದ ಹುಬ್ಬಳ್ಳಿಯಲ್ಲಿ ಈದ್ಗಾ ಮೈದಾನದ ವಿವಾದವು ಉಲ್ಬಣಿಸಿ, 1994ರ ಆಗಸ್ಟ್ 15ರಂದು ಪೊಲೀಸರ ಗುಂಡಿಗೆ ಜೀವಗಳು ಬಲಿಯಾಗಿದ್ದವು. ಆ ಬೆಂಕಿಯ ಝಳವು ಚುನಾವಣೆಯಲ್ಲಿ ಸ್ಪಷ್ಟವಾಗಿ ಗೋಚರಿಸಿತು: 1996ರಲ್ಲಿ ಧಾರವಾಡ ಉತ್ತರದಲ್ಲಿ ಬಿಜೆಪಿಯ ವಿಜಯ ಸಂಕೇಶ್ವರರು ಗೆದ್ದು, ಆ ಕ್ಷೇತ್ರವು ಕಾಂಗ್ರೆಸ್ಸಿನ ಕೈ ತಪ್ಪಿತು. ಒಂದೇ ಜಿಲ್ಲೆ, ಒಂದೇ ಚುನಾವಣೆ, ಒಂದೇ ಬಿಸಿ. ಆದರೆ ದಕ್ಷಿಣದ ಮತದಾರನು ಮುಸ್ಲಿಮ್ ಪ್ರಾಧ್ಯಾಪಕರೊಬ್ಬರನ್ನು ಲೋಕಸಭೆಗೆ ಕಳುಹಿಸಿದ. ಈ ಸೀಮೆಯ ನೆರೆಹೊರೆಯ ಬಾಂಧವ್ಯಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿಯನ್ನು ಚುನಾವಣೆಯ ದಾಖಲೆಗಳಲ್ಲಿ ಹುಡುಕುವುದು ಕಷ್ಟ.

ಕಟ್ಟು ಸಡಿಲಿದ್ದು

1998ರಲ್ಲಿ ಮೊದಲ ಬಾರಿಗೆ ಸರಣಿ ಕಡಿಯಿತು. ಜನತಾದಳದಿಂದ ಹೊರಬಂದ ರಾಮಕೃಷ್ಣ ಹೆಗಡೆಯವರು ಲೋಕಶಕ್ತಿ ಪಕ್ಷವನ್ನು ಕಟ್ಟಿ ಬಿಜೆಪಿಯೊಂದಿಗೆ ಮೈತ್ರಿ ಮಾಡಿಕೊಂಡಿದ್ದರು. ಲೋಕಶಕ್ತಿಯು ರಾಜ್ಯದಲ್ಲಿ ಗೆದ್ದ ಮೂರು ಸ್ಥಾನಗಳಲ್ಲಿ ಧಾರವಾಡ ದಕ್ಷಿಣವೂ ಒಂದು, ಗೆದ್ದವರು ಬಿ. ಎಂ. ಮೆಣಸಿನಕಾಯಿ. ಮರುವರ್ಷವೇ, 1999ರಲ್ಲಿ, ಸನದಿಯವರು ಕ್ಷೇತ್ರವನ್ನು ಮರಳಿ ಪಡೆದರು. ಅದೇ ಹತ್ತನೆಯ ಗೆಲುವು ಮತ್ತು ಈ ವರೆಗಿನ ಕೊನೆಯದು. 2004ರಲ್ಲಿ ಬಿಜೆಪಿಯ ಮಂಜುನಾಥ ಕುನ್ನೂರರು ಗೆದ್ದರು. ರಾಜ್ಯದಲ್ಲಿ ಬಿಜೆಪಿ 18 ಸ್ಥಾನಗಳನ್ನು ಗಳಿಸಿದ ವರ್ಷವದು.

ಈ ಬದಲಾವಣೆಗೆ ಕಾರಣವೇನು? ಕೇವಲ ಕೋಮುದ್ವೇಷ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಅದು ಅರ್ಧಸತ್ಯ. ಈ ಸೀಮೆಯಲ್ಲಿ ಸಂಖ್ಯೆಯಿಂದಲೂ ಪ್ರಭಾವದಿಂದಲೂ ದೊಡ್ಡದಾದ ಸಮುದಾಯ ಲಿಂಗಾಯತರದ್ದು. ಹಿಂದಿನ ಗೆಲುವುಗಳಲ್ಲಿ ಅವರ ಪಾಲು ಬಹಳ ದೊಡ್ಡದಿತ್ತು. 1989ರಲ್ಲಿ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ ವಿಧಾನಸಭೆಯ 224 ಸ್ಥಾನಗಳಲ್ಲಿ 178ನ್ನು ಗೆದ್ದಿತು. ಮರುವರ್ಷದ ಅಕ್ಟೋಬರಿನಲ್ಲಿ ಅನಾರೋಗ್ಯದಲ್ಲಿದ್ದ ಅವರನ್ನು ಪಕ್ಷದ ವರಿಷ್ಠರು ಮುಖ್ಯಮಂತ್ರಿ ಸ್ಥಾನದಿಂದ ಇಳಿಸಿದ ರೀತಿಯು ಆ ಸಮುದಾಯದಲ್ಲಿ ಆಳವಾದ ನೋವನ್ನುಂಟುಮಾಡಿತು. ಅದು ಮುಸ್ಲಿಮರ ಮೇಲಿನ ಸಿಟ್ಟಾಗಿರಲಿಲ್ಲ. ಆದರೆ ಕಾಂಗ್ರೆಸ್ಸನ್ನು ತೊರೆದ ಮತಗಳು ಮೊದಲು ಜನತಾ ಪರಿವಾರಕ್ಕೆ, ಬಳಿಕ ಹೆಗಡೆಯವರ ಸೇತುವೆಯ ಮೂಲಕ ಬಿಜೆಪಿಗೆ ಹರಿದವು. ಹಾನಗಲ್ಲಿನ ಸಿ. ಎಂ. ಉದಾಸಿಯವರ ಪಯಣವೂ, ಮುಂದೆ 2008ರಲ್ಲಿ ಬಸವರಾಜ ಬೊಮ್ಮಾಯಿಯವರ ಪಯಣವೂ ಇದೇ ದಾರಿಯಲ್ಲಿ ಸಾಗಿದವು. ದೇಶದಾದ್ಯಂತ ಹಬ್ಬಿದ ಧ್ರುವೀಕರಣವು ಈ ಹಳೆಯ ನೋವಿನ ಮೇಲೆ ಬಂದು ಕುಳಿತಾಗ ಕ್ಷೇತ್ರದ ಬಣ್ಣವೇ ಬದಲಾಯಿತು.

ನಮ್ಮ ಕಡೆಯ ಲೋಪವನ್ನೂ ಮರೆಮಾಚಬಾರದು. ನಾಲ್ಕು ದಶಕಗಳಲ್ಲಿ ಹತ್ತು ಬಾರಿ ಗೆದ್ದ ಸಮುದಾಯವು ಆ ಗೆಲುವನ್ನು ಪಕ್ಷದ ವರಿಷ್ಠರು ಕರುಣಿಸುವ ಕಾಣಿಕೆಯೆಂದು ಭಾವಿಸಿ ನಿಶ್ಚಿಂತವಾಯಿತು. ಮೈಸೂರಿನಿಂದ ಅಭ್ಯರ್ಥಿಯನ್ನು ತಂದು ನಿಲ್ಲಿಸಿದರೂ ಗೆಲ್ಲುತ್ತದೆ ಎಂಬ ವಿಶ್ವಾಸವು ಊರೂರಿನಲ್ಲಿ ನಾಯಕರನ್ನು ಬೆಳೆಸುವ ಕೆಲಸವನ್ನು ಅನಗತ್ಯವೆನಿಸುವಂತೆ ಮಾಡಿತು. ನೀರಾವರಿಯ, ಬೆಳೆಯ ಬೆಲೆಯ, ಗೊಬ್ಬರದ ಪ್ರಶ್ನೆಗಳಲ್ಲಿ ನೆರೆಯ ರೈತನ ಜೊತೆ ನಿಲ್ಲುವ ಮುಸ್ಲಿಮ್ ಕಾರ್ಯಕರ್ತರ ಪಡೆಯೊಂದು ಬೆಳೆದಿದ್ದರೆ, ಗಾಳಿ ತಿರುಗಿದಾಗ ಬೇರುಗಳಾದರೂ ಗಟ್ಟಿಯಾಗಿರುತ್ತಿದ್ದವು.

ಗೆರೆ ಎಳೆದು ಹಂಚಿದ ನೆರೆಹೊರೆ

1997ರಲ್ಲಿ ಧಾರವಾಡ ಜಿಲ್ಲೆಯನ್ನು ವಿಭಜಿಸಿ ಹಾವೇರಿ ಮತ್ತು ಗದಗ ಜಿಲ್ಲೆಗಳನ್ನು ರಚಿಸಲಾಯಿತು. ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ನಾಲ್ಕೂ ಹಾವೇರಿ ಜಿಲ್ಲೆಗೆ ಸೇರಿದವು. ಆದರೆ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅವರ ಅಧ್ಯಕ್ಷತೆಯ ಆಯೋಗವು ನಡೆಸಿದ ಪುನರ್ವಿಂಗಡಣೆಯು 2008ರಲ್ಲಿ ಜಾರಿಗೆ ಬಂದಾಗ ಈ ನಾಲ್ಕು ಊರುಗಳು ಎರಡಾಗಿ ಹಂಚಿಹೋದವು. ಹಾನಗಲ್ ಮತ್ತು ಹಿರೇಕೆರೂರು ಹೊಸದಾಗಿ ರಚಿತವಾದ ಹಾವೇರಿ ಲೋಕಸಭಾ ಕ್ಷೇತ್ರದಲ್ಲಿ ಉಳಿದವು. ಅವುಗಳೊಂದಿಗೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮಾತ್ರವಲ್ಲದೆ ಗದಗ ಜಿಲ್ಲೆಯ ಶಿರಹಟ್ಟಿ, ಗದಗ ಮತ್ತು ರೋಣ ವಿಧಾನಸಭಾ ಕ್ಷೇತ್ರಗಳೂ ಸೇರಿದವು. ಸವಣೂರನ್ನು ಒಳಗೊಂಡ ಶಿಗ್ಗಾವಿ ವಿಧಾನಸಭಾ ಕ್ಷೇತ್ರವು ಹುಬ್ಬಳ್ಳಿಯಿರುವ ಧಾರವಾಡ ಲೋಕಸಭಾ ಕ್ಷೇತ್ರಕ್ಕೆ ಹೋಯಿತು.

ಹೀಗಾಗಿ ಸವಣೂರಿನ ನಾಗರಿಕನು ಇಂದು ಜಿಲ್ಲಾಧಿಕಾರಿಯನ್ನು ಕಾಣಲು ಹಾವೇರಿಗೆ ಹೋಗುತ್ತಾನೆ. ಅವನ ಸಂಸದ ಮಾತ್ರ ಧಾರವಾಡ ಕ್ಷೇತ್ರದವರು. ಗಣನೀಯ ಪ್ರಮಾಣದಲ್ಲಿ ಮುಸ್ಲಿಮ್ ಮತದಾರರಿರುವ ಶಿಗ್ಗಾವಿ ಮತ್ತು ಸವಣೂರು, ತಾವು ದಶಕಗಳ ಕಾಲ ಯಾರೊಂದಿಗೆ ಸೇರಿ ಮತ ಚಲಾಯಿಸಿದ್ದವೋ ಆ ನೆರೆಯ ತಾಲೂಕುಗಳಿಂದ ಬೇರ್ಪಟ್ಟವು. ಇದರ ಹಿಂದೆ ದುರುದ್ದೇಶವಿತ್ತೆಂದು ಹೇಳಲು ಯಾವ ಆಧಾರವೂ ಇಲ್ಲ. ಜನಸಂಖ್ಯೆಯ ಸಮತೋಲನವೇ ಆಯೋಗದ ಮುಖ್ಯ ಅಳತೆಗೋಲು. ಆದರೆ ಪರಿಣಾಮವಂತೂ ಆಯಿತು. ಅದೇ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ ಲೋಕಸಭಾ ಕ್ಷೇತ್ರವು ಪರಿಶಿಷ್ಟ ಜಾತಿಗೆ ಮೀಸಲಾಯಿತು. 1999 ಮತ್ತು 2004ರಲ್ಲಿ ಅಲ್ಲಿಂದ ಇಕ್ಬಾಲ್ ಅಹ್ಮದ್ ಸರಡಗಿಯವರು ಗೆದ್ದಿದ್ದರು. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಮುಸ್ಲಿಮರ ಸಂಖ್ಯೆ ಸುಮಾರು 79 ಲಕ್ಷ, ಅಂದರೆ ಸುಮಾರು ಶೇಕಡಾ 13. ಆದರೆ 2009, 2014, 2019 ಮತ್ತು 2024ರ ನಾಲ್ಕು ಚುನಾವಣೆಗಳಲ್ಲಿ ರಾಜ್ಯದ 28 ಕ್ಷೇತ್ರಗಳ ಪೈಕಿ ಒಂದರಿಂದಲೂ ಮುಸ್ಲಿಮ್ ಸಂಸದರು ಆಯ್ಕೆಯಾಗಿಲ್ಲ.

ಸೋಲಿನ ಅಂಕಿಗಳು ಹೇಳುವ ಮಾತು

ಇಲ್ಲಿ ನಾವು ಹಾವೇರಿ ಕ್ಷೇತ್ರದ ನಾಲ್ಕು ಚುನಾವಣೆಗಳನ್ನು ಗಮನವಿಟ್ಟು ಓದಬೇಕು. ಗೆಲುವಿಗಿಂತ ಸೋಲಿನ ಅಂಕಿಗಳು ಕೆಲವೊಮ್ಮೆ ಹೆಚ್ಚು ಮಾತಾಡುತ್ತವೆ.

2009ರಲ್ಲಿ ಬಿಜೆಪಿಯಿಂದ ಸಿ. ಎಂ. ಉದಾಸಿಯವರ ಪುತ್ರ ಶಿವಕುಮಾರ ಉದಾಸಿಯವರೂ ಕಾಂಗ್ರೆಸ್ಸಿನಿಂದ ಸಲೀಂ ಅಹ್ಮದ್ ಅವರೂ ಸ್ಪರ್ಧಿಸಿದರು. ಉದಾಸಿಯವರು 87 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. 2014ರಲ್ಲಿ ಅದೇ ಇಬ್ಬರು ಮತ್ತೆ ಎದುರಾದರು. ನರೇಂದ್ರ ಮೋದಿಯವರ ಅಲೆ ದೇಶವನ್ನೇ ಆವರಿಸಿದ್ದ ಆ ವರ್ಷದಲ್ಲಿಯೂ ಅಂತರವು 87 ಸಾವಿರದ ಆಸುಪಾಸಿನಲ್ಲೇ ನಿಂತಿತು. ಸಲೀಂ ಅಹ್ಮದ್ ಅವರಿಗೆ ಬಿದ್ದ ಮತಗಳು 2009ರಲ್ಲಿ ಸುಮಾರು 3.42 ಲಕ್ಷ, 2014ರಲ್ಲಿ ಸುಮಾರು 4.79 ಲಕ್ಷ.

ಈ 4.79 ಲಕ್ಷ ಎಂಬ ಸಂಖ್ಯೆಯ ಬಗ್ಗೆ ಚಿಂತಿಸೋಣ. ಆಗ ಕ್ಷೇತ್ರದ ಒಟ್ಟು ಮತದಾರರು ಹದಿನೈದೂವರೆ ಲಕ್ಷದಷ್ಟು. ಮುಸ್ಲಿಮರ ಪಾಲು ಐದರಲ್ಲೊಂದು ಎಂದೇ ಹಿಡಿದರೂ ಮೂರು ಲಕ್ಷದ ಸುತ್ತಮುತ್ತ. ಅವರಲ್ಲಿ ಒಬ್ಬರೂ ಮನೆಯಲ್ಲಿ ಕೂರದೆ, ಒಬ್ಬರೂ ಬೇರೆಯವರಿಗೆ ಹಾಕದೆ ಮತ ಚಲಾಯಿಸಿದ್ದರೂ ಇನ್ನೂ ಒಂದೂವರೆ ಲಕ್ಷಕ್ಕಿಂತ ಹೆಚ್ಚು ಮತಗಳು ಉಳಿಯುತ್ತವೆ. ಅವು ಯಾರವು? ಹಿರೇಕೆರೂರಿನ ಕುರುಬನವು, ರೋಣದ ದಲಿತನವು, ಹಾನಗಲ್ಲಿನ ಲಿಂಗಾಯತನವು. ಸೋತ ಮುಸ್ಲಿಮ್ ಅಭ್ಯರ್ಥಿಯ ಹಿಂದೆಯೂ ಲಕ್ಷಾಂತರ ಮುಸ್ಲಿಮೇತರ ನೆರೆಯವರು ನಿಂತಿದ್ದರು. "ಹಿಂದೂಗಳು ನಮಗೆ ಮತ ಹಾಕುವುದಿಲ್ಲ" ಎಂದು ನಾವು ಮನೆಯ ಪಡಸಾಲೆಯಲ್ಲಿ ಕುಳಿತು ಹೇಳುವ ಪ್ರತಿಯೊಂದು ಬಾರಿಯೂ ಆ ನೆರೆಯವರಿಗೆ ಅನ್ಯಾಯ ಮಾಡುತ್ತಿದ್ದೇವೆ.

2019ರಲ್ಲಿ ಕಾಂಗ್ರೆಸ್ ತನ್ನ ಲೆಕ್ಕಾಚಾರವನ್ನು ಬದಲಿಸಿತು. ಮುಸ್ಲಿಮ್ ಅಭ್ಯರ್ಥಿಯ ಬದಲು ಗದಗಿನ ಡಿ. ಆರ್. ಪಾಟೀಲರನ್ನು ನಿಲ್ಲಿಸಿತು. ಫಲಿತಾಂಶ? ಸೋಲಿನ ಅಂತರವು 87 ಸಾವಿರದಿಂದ ಒಂದು ಲಕ್ಷದ 40 ಸಾವಿರಕ್ಕೆ ಏರಿತು. ಪಾಟೀಲರು ಸಜ್ಜನ ರಾಜಕಾರಣಿಯೆಂದು ಹೆಸರು ಪಡೆದವರು, ತಪ್ಪು ಅವರದಲ್ಲ. ಆ ವರ್ಷ ಗಾಳಿಯೇ ಹಾಗಿತ್ತು. 2024ರಲ್ಲಿ ಮಾಜಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಎದುರು ಕಾಂಗ್ರೆಸ್ಸಿನ ಆನಂದಸ್ವಾಮಿ ಗಡ್ಡದೇವರಮಠರು ಸ್ಪರ್ಧಿಸಿ, ಅಂತರವನ್ನು 43,513ಕ್ಕೆ ಇಳಿಸಿದರು. ರಾಜ್ಯದಲ್ಲಿ ಅವರದೇ ಪಕ್ಷದ ಸರಕಾರವಿತ್ತು. ಗ್ಯಾರಂಟಿ ಯೋಜನೆಗಳು ಮನೆಮನೆ ತಲುಪಿದ್ದವು.

ಒಟ್ಟಾರೆ ಈ ನಾಲ್ಕು ಫಲಿತಾಂಶಗಳು ಏನನ್ನು ಸೂಚಿಸುತ್ತವೆ? ಕ್ಷೇತ್ರದ ಸೋಲು ಗೆಲುವುಗಳನ್ನು ಅಭ್ಯರ್ಥಿಯ ಧರ್ಮವೊಂದೇ ನಿರ್ಧರಿಸಿಲ್ಲ. 1971ರಲ್ಲಿ ಮೊಹಸಿನ್ ಅವರನ್ನು ದಡ ಸೇರಿಸಿದ ಗಾಳಿಯೇ, ದಿಕ್ಕು ಬದಲಿಸಿ, 2019ರಲ್ಲಿ ಪಾಟೀಲರನ್ನು ಮುಳುಗಿಸಿತು. ಆದುದರಿಂದ "ಮುಸ್ಲಿಮನನ್ನು ನಿಲ್ಲಿಸಿದರೆ ಸೋಲು ಖಚಿತ, ಬೇರೆಯವರಾದರೆ ಗೆಲುವು" ಎಂಬ ಪಕ್ಷಗಳ ವಾದವನ್ನು ಈ ಕ್ಷೇತ್ರದ ಅಂಕಿಗಳು ಎತ್ತಿಹಿಡಿಯುವುದಿಲ್ಲ. 2019 ಮತ್ತು 2024ರಲ್ಲಿ ಕಾಂಗ್ರೆಸ್ ಇಡೀ ಕರ್ನಾಟಕದಲ್ಲಿ ಒಬ್ಬೊಬ್ಬ ಮುಸ್ಲಿಮ್ ಅಭ್ಯರ್ಥಿಯನ್ನು ಮಾತ್ರ, ಅದೂ ಬೆಂಗಳೂರು ಕೇಂದ್ರದಲ್ಲಿ, ನಿಲ್ಲಿಸಿತು. ಒಂದು ಕಾಲದಲ್ಲಿ ಹತ್ತು ಬಾರಿ ಗೆದ್ದು ಕೊಟ್ಟ ಸೀಮೆಗೆ ಈಗ ಆ ಅವಕಾಶವೇ ಇಲ್ಲ.

ಶಿಗ್ಗಾವಿಯ ಎರಡು ಮುಖಗಳು

ಪ್ರತಿನಿಧಿತ್ವವಿಲ್ಲದಿದ್ದರೆ ಏನಾಯಿತು, ಯಾರು ಗೆದ್ದರೂ ಸರಿ ಎಂದು ಕೇಳುವವರಿದ್ದಾರೆ. ಅವರಿಗೆ ಶಿಗ್ಗಾವಿಯ ಉದಾಹರಣೆ ಸಾಕು. ಬಸವರಾಜ ಬೊಮ್ಮಾಯಿಯವರು 2008ರಿಂದ ಸತತ ನಾಲ್ಕು ಬಾರಿ ಶಿಗ್ಗಾವಿಯಿಂದ ವಿಧಾನಸಭೆಗೆ ಗೆದ್ದವರು. ಅವರ ತಂದೆ ಎಸ್. ಆರ್. ಬೊಮ್ಮಾಯಿಯವರ ಹೆಸರಿನ ಮೊಕದ್ದಮೆಯಲ್ಲಿಯೇ ಸುಪ್ರೀಮ್ ಕೋರ್ಟು 1994ರಲ್ಲಿ ಧರ್ಮನಿರಪೇಕ್ಷತೆಯು ಸಂವಿಧಾನದ ಮೂಲ ಸ್ವರೂಪದ ಅಂಗವೆಂದು ಸಾರಿತು. ಮಗ ಮುಖ್ಯಮಂತ್ರಿಯಾಗಿದ್ದಾಗ, 2023ರ ಮಾರ್ಚ್‌ನಲ್ಲಿ, ಚುನಾವಣೆಗೆ ಕೆಲವೇ ವಾರಗಳಿರುವಾಗ ಅವರ ಸಚಿವ ಸಂಪುಟವು ಪ್ರವರ್ಗ 2ಬಿ ಅಡಿಯಲ್ಲಿ ಮುಸ್ಲಿಮರಿಗಿದ್ದ ಶೇಕಡಾ 4ರ ಮೀಸಲಾತಿಯನ್ನು ರದ್ದುಪಡಿಸಿ, ಒಕ್ಕಲಿಗ ಮತ್ತು ಲಿಂಗಾಯತರ ಪ್ರವರ್ಗಗಳಿಗೆ ತಲಾ ಶೇಕಡಾ 2ರಂತೆ ಹಂಚಲು ತೀರ್ಮಾನಿಸಿತು. ವಿಷಯವು ಸುಪ್ರೀಮ್ ಕೋರ್ಟಿನ ಮೆಟ್ಟಿಲೇರಿ, ತೀರ್ಮಾನವು ಜಾರಿಗೆ ಬರಲಿಲ್ಲ. ಆದರೆ ನಮ್ಮ ಮಕ್ಕಳ ಕಾಲೇಜು ಸೀಟು ಮತ್ತು ಉದ್ಯೋಗದ ಪ್ರಶ್ನೆಯು ನಮ್ಮ ಪರವಾಗಿ ಮಾತನಾಡುವವರು ಯಾರೂ ಇಲ್ಲದ ಕೋಣೆಯಲ್ಲಿ ಹೇಗೆ ಇತ್ಯರ್ಥವಾಗಬಲ್ಲುದು ಎಂಬುದನ್ನು ಆ ದಿನ ತೋರಿಸಿಕೊಟ್ಟಿತು.

ಇದೇ ಶಿಗ್ಗಾವಿಗೆ ಇನ್ನೊಂದು ಮುಖವೂ ಇದೆ. 1999ರಲ್ಲಿ ಈ ವಿಧಾನಸಭಾ ಕ್ಷೇತ್ರವು ಸೈಯದ್ ಅಜ್ಜಂಪೀರ್ ಖಾದ್ರಿಯವರನ್ನು ಆರಿಸಿತ್ತು. ಬಳಿಕ ಅವರು ಬೊಮ್ಮಾಯಿಯವರೆದುರು ಮೂರು ಬಾರಿ ಸೋತರು. 2023ರಲ್ಲಿ ಕಾಂಗ್ರೆಸ್ಸಿನ ಯಾಸಿರ್ ಅಹ್ಮದ್ ಖಾನ್ ಪಠಾಣ್ ಅವರೂ ಸುಮಾರು 36 ಸಾವಿರ ಮತಗಳಿಂದ ಸೋತರು. ಬೊಮ್ಮಾಯಿಯವರು ಲೋಕಸಭೆಗೆ ಹೋದ ಕಾರಣ 2024ರ ನವೆಂಬರಿನಲ್ಲಿ ಉಪಚುನಾವಣೆ ನಡೆಯಿತು. ವಕ್ಫ್ ಆಸ್ತಿಯ ವಿವಾದವು ರಾಜ್ಯದಾದ್ಯಂತ, ಅದರಲ್ಲೂ ಉತ್ತರ ಕರ್ನಾಟಕದಲ್ಲಿ ಕಾವೇರಿದ್ದ ದಿನಗಳವು. ಮುಸ್ಲಿಮ್ ಅಭ್ಯರ್ಥಿಗೆ ಅದಕ್ಕಿಂತ ಪ್ರತಿಕೂಲವಾದ ಸಮಯವಿರಲಾರದೆಂದು ಅನೇಕರು ಭಾವಿಸಿದ್ದರು. ಎದುರಾಳಿ ಮಾಜಿ ಮುಖ್ಯಮಂತ್ರಿಯ ಪುತ್ರ ಭರತ್ ಬೊಮ್ಮಾಯಿ. ಮತ ಎಣಿಕೆ ಮುಗಿದಾಗ ಪಠಾಣ್ ಅವರು 13,448 ಮತಗಳ ಅಂತರದಿಂದ ಗೆದ್ದಿದ್ದರು.

ಉಪಚುನಾವಣೆಗಳಲ್ಲಿ ಆಳುವ ಪಕ್ಷಕ್ಕೆ ಅನುಕೂಲವಿರುತ್ತದೆ ಎಂಬುದು ಸತ್ಯ. ಒಂದು ಉಪಚುನಾವಣೆಯಿಂದ ಯುಗವೇ ಬದಲಾಯಿತೆಂದು ಸಂಭ್ರಮಿಸುವುದು ಅವಿವೇಕ. ಆದರೆ ಒಂದೂವರೆ ವರ್ಷದೊಳಗೆ 36 ಸಾವಿರದ ಸೋಲನ್ನು 13 ಸಾವಿರದ ಗೆಲುವಾಗಿ ಮಾರ್ಪಡಿಸಿದವರು ಕೇವಲ ಮುಸ್ಲಿಮ್ ಮತದಾರರಲ್ಲ ಎಂಬುದಂತೂ ಸ್ಪಷ್ಟ. 1962ರಲ್ಲಿ ಮೊಹಸಿನ್ ಅವರಿಗೆ, 1996ರಲ್ಲಿ ಸನದಿಯವರಿಗೆ ಮತ ಹಾಕಿದವರ ಮಕ್ಕಳು, ಮೊಮ್ಮಕ್ಕಳು ಆ ಸಾಲಿನಲ್ಲಿ ಇದ್ದರು.

ನಮ್ಮ ಹೊಣೆ

ಪವಿತ್ರ ಕುರ್‌ಆನಿನ ಸೂರಃ ಅನ್ನಿಸಾದ 58ನೇ ವಚನವು ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂದೂ, ಜನರ ನಡುವೆ ತೀರ್ಪು ನೀಡುವಾಗ ನ್ಯಾಯ ಪಾಲಿಸಬೇಕೆಂದೂ ಆದೇಶಿಸುತ್ತದೆ. ಮತವೂ ಅಂತಹ ಒಂದು ಅಮಾನತ್ತೆಂದು ನಮ್ಮ ವಿದ್ವಾಂಸರು ಹೇಳುತ್ತಾ ಬಂದಿದ್ದಾರೆ. ನಾವು ಹಾಕುವ ಮತದ ವಿಷಯದಲ್ಲಿ ಈ ಮಾತನ್ನು ಎಷ್ಟೋ ಬಾರಿ ಕೇಳಿದ್ದೇವೆ. ಆದರೆ ಧಾರವಾಡ ದಕ್ಷಿಣದ ಚರಿತ್ರೆಯು ಅದರ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ನೆರೆಯವನು ನಮ್ಮವನಿಗೆ ಹಾಕುವ ಮತವೂ ಅಮಾನತ್ತೇ. ಹತ್ತು ಬಾರಿ ಅವನು ಅದನ್ನು ನಮ್ಮ ಕೈಗೆ ಒಪ್ಪಿಸಿದ. ಅದನ್ನು ನಾವು ಹೇಗೆ ಕಾಯ್ದುಕೊಂಡೆವು ಎಂಬ ಪ್ರಶ್ನೆಗೆ ನಾವೇ ಉತ್ತರಿಸಬೇಕಾಗಿದೆ.

ಆ ಉತ್ತರವನ್ನು ಚುನಾವಣೆಯ ತಿಂಗಳಲ್ಲಿ ಕೊಡಲಾಗದು. ನೆರೆಯ ರೈತನ ಬೆಳೆ ಮುಂಗಾರಿಲ್ಲದೆ ಒಣಗಿದಾಗ, ವರದಾ ನದಿ ಉಕ್ಕಿ ಹೊಲಗಳು ಮುಳುಗಿದಾಗ, ಊರಿನ ಸರಕಾರಿ ಶಾಲೆಯ ಮಾಡು ಸೋರುವಾಗ ನಾವು ಎಲ್ಲಿದ್ದೆವು ಎಂಬುದರಲ್ಲಿ ಅದು ಅಡಗಿದೆ. ಜಮಾಅತಿನ ಯುವಕರು ಗ್ರಾಮ ಪಂಚಾಯತಿಯ ಸಭೆಗೆ ಹೋಗುತ್ತಾರೆಯೇ? ಸಹಕಾರಿ ಸಂಘದ ಲೆಕ್ಕವನ್ನು ಕೇಳುತ್ತಾರೆಯೇ? ಮತದಾರರ ಪಟ್ಟಿಯಲ್ಲಿ ಮನೆಯ ಹೆಣ್ಣುಮಕ್ಕಳ ಹೆಸರಿದೆಯೇ ಎಂದು ಪರಿಶೀಲಿಸುತ್ತಾರೆಯೇ? ನಾಳಿನ ಪ್ರತಿನಿಧಿಯು ಬೆಂಗಳೂರು, ದಿಲ್ಲಿಗಳಿಂದ ಬರುವವನಲ್ಲ. ಈ ಕೆಲಸಗಳಿಂದಲೇ ಬೆಳೆದು ಬರಬೇಕಾದವನು ಅಥವಾ ಬೆಳೆದು ಬರಬೇಕಾದವಳು.

ಪಕ್ಷಗಳಲ್ಲಿ ನಮ್ಮ ಹಕ್ಕಿನ ಪಾಲನ್ನು ಕೇಳುವುದೂ ಅಗತ್ಯವೇ. ಹಾವೇರಿಯ ಅಂಕಿಗಳನ್ನು ಮುಂದಿಟ್ಟು, ಯಾಚನೆಯ ದನಿಯಲ್ಲಲ್ಲದೆ ವಾದದ ಬಲದಿಂದ ಅದನ್ನು ಕೇಳಬೇಕು. ಆದರೆ ಕೇಳುವ ಮುನ್ನ ನಮ್ಮ ಮಕ್ಕಳಿಗೆ ಈ ಚರಿತ್ರೆಯನ್ನು ಹೇಳೋಣ. ಹುಬ್ಬಳ್ಳಿಯಲ್ಲಿ ಗುಂಡು ಹಾರಿದ ಎರಡೇ ವರ್ಷಗಳಲ್ಲಿ ಹಾನಗಲ್ಲಿನ, ಹಿರೇಕೆರೂರಿನ, ಶಿಗ್ಗಾವಿಯ, ಸವಣೂರಿನ ಜನರು ಯಾರನ್ನು ಲೋಕಸಭೆಗೆ ಕಳುಹಿಸಿದರು ಎಂಬುದು ಅವರಿಗೆ ತಿಳಿದಿರಲಿ. ಅದು ತಿಳಿದ ಮಗುವು ಬೆಳೆದು ದೊಡ್ಡದಾದಾಗ ತನ್ನ ನೆರೆಯವನನ್ನು ಸಂಶಯದಿಂದಲ್ಲ, ಋಣಭಾವದಿಂದ ನೋಡುವುದು.